ಕೋತಿ ಹರಿದ ಕಿಟಕಿ

ದೇವರಾಯನದುರ್ಗದ ಕೋತಿಗಳ ವಿಷಯ ತುಮಕೂರಿನಲ್ಲಿ ಹುಟ್ಟಿ ಬೆಳೆದವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ಆ ಭಾನುವಾರ ಕ್ಯಾತ್ಸಂದ್ರದಲ್ಲಿ ಕಟ್ಟಿಸಿಕೊಂಡ ತಟ್ಟೆ ಇಡ್ಲಿ ಪಾರ್ಸೆಲ್ಲನ್ನು ಜಿಪ್ಸಿಯ ಹಿಂದಿನ ಸೀಟಿನ ಮೇಲೆ ಬಿಟ್ಟು, ಯೋಗನರಸಿಂಹನ ದರ್ಶನಕ್ಕೆ ಮೆಟ್ಟಿಲು ಹತ್ತಿದೆ. ಇಳಿದು ಬಂದಾಗ ಇಡ್ಲಿ ಇರಲಿಲ್ಲ. ಚಟ್ನಿ ಮಾತ್ರ ಸೀಟಿನ ತುಂಬಾ ಇತ್ತು. ಹಿಂದಿನ ಕಿಟಕಿಯಲ್ಲಿ ತಲೆ ತೂರುವಷ್ಟು ದೊಡ್ಡ ತೂತು.

ಜಿಪ್ಸಿ ಅಂದರೆ ಹಳೆಯ ಮಾರುತಿ ಜಿಪ್ಸಿ. 1985ರಲ್ಲಿ ಬರಲು ಶುರುವಾದ ಗಾಡಿ, ಈಗ ಕಂಪನಿ ಮಾಡುವುದನ್ನೇ ನಿಲ್ಲಿಸಿದೆ. ನನ್ನದು ಸಾಫ್ಟ್ ಟಾಪ್. ಕಬ್ಬಿಣದ ಕಮಾನಿನ ಮೇಲೆ ಬಟ್ಟೆಯ ಹೊದಿಕೆ, ಹಿಂದೆ ಗಾಜಿನ ಬದಲು ಪಾರದರ್ಶಕ ಪ್ಲಾಸ್ಟಿಕ್. ಗುಬ್ಬಿ ಕಡೆ ಇರುವ ತೋಟಕ್ಕೆ ಹೋಗಿ ಬರಲು, ಬರುವಾಗ ನಾಲ್ಕು ತೆಂಗಿನಕಾಯಿ ಹಾಕಿಕೊಂಡು ಬರಲು ಸೆಕೆಂಡ್ ಹ್ಯಾಂಡ್ ತಗೊಂಡಿದ್ದೆ. 'ಇದು ಕಾರಲ್ಲ, ಗಾಲಿ ಹಾಕಿದ ಡೇರೆ' ಅಂತ ಮನೆಯಾಕೆ ಆಗಲೇ ಹೇಳಿದ್ದಳು.

ಕೋತಿಯನ್ನೇ ಪೂರ್ತಿ ಬೈಯುವ ಹಾಗೂ ಇಲ್ಲ. ಆ ಪ್ಲಾಸ್ಟಿಕ್ ಆಗಲೇ ಹರಳೆಣ್ಣೆ ಬಣ್ಣಕ್ಕೆ ತಿರುಗಿತ್ತು. ಪಿವಿಸಿ ಅನ್ನುವ ಈ ಪ್ಲಾಸ್ಟಿಕ್ಕನ್ನು ಮೆತ್ತಗೆ ಇಡಲು ಅದರಲ್ಲಿ ಒಂದು ಎಣ್ಣೆಯಂಥ ವಸ್ತು ಬೆರೆಸಿರುತ್ತಾರೆ. ವರ್ಷಗಟ್ಟಲೆ ಬಿಸಿಲಿನಲ್ಲಿ ನಿಂತರೆ ಅದು ಆರಿ ಹೋಗುತ್ತದೆ. ಆಮೇಲೆ ಉಳಿಯುವುದು ಹಪ್ಪಳ. ಕೋತಿ ಕೈ ಹಾಕಿತು, ಹಪ್ಪಳ ಮುರಿಯಿತು.

ಆ ರಾತ್ರಿಯೇ ಮಳೆ. ಕೊಬ್ಬರಿ ಪ್ಯಾಕಿಂಗಿಗೆ ತಂದಿದ್ದ ಅಗಲದ ಟೇಪನ್ನು ಒಳಗೂ ಹೊರಗೂ ಅಂಟಿಸಿದೆ. ಎರಡು ದಿನ ಪರವಾಗಿಲ್ಲ ಅನ್ನಿಸಿತು. ಮೂರನೇ ದಿನದ ಬಿಸಿಲಿಗೆ ಟೇಪು ಮುದುರಿ ಎದ್ದು ಬಂತು, ಅಂಟು ಅಲ್ಲೇ ಉಳಿಯಿತು. ಪಕ್ಕದ ಮನೆಯವರ ಮಾತು ಕೇಳಿ, ಸೀಳಿದ ಕಡೆಗೆ ಕ್ಷಣದಲ್ಲಿ ಅಂಟುವ ಗಮ್ ಹಾಕಿದೆ. ಸುತ್ತ ಬೆಳ್ಳಗೆ ಮಂಜು ಕವಿದ ಹಾಗಾಯಿತು. ಅಂಟಿದ್ದು ಗಾಜಿನಂತೆ ಬಿರುಸಾಗಿ, ಮೊದಲ ಹಂಪ್ ದಾಟಿದಾಗಲೇ ಪಟ್ ಅಂತ ಪಕ್ಕದಲ್ಲಿ ಹೊಸ ಸೀಳು ಬಿಟ್ಟಿತು. ಟೇಪಿನ ಅಂಟು ತೆಗೆಯಲು ಥಿನ್ನರ್ ಒರೆಸಿದ್ದು ಇನ್ನೂ ದೊಡ್ಡ ತಪ್ಪು. ಒರೆಸಿದಷ್ಟೂ ಕಿಟಕಿ ಕುರುಡಾಯಿತು. ಕೊನೆಗೆ ಅಂಟು ಬಿಟ್ಟಿದ್ದು ಅಡುಗೆಮನೆಯ ಕೊಬ್ಬರಿ ಎಣ್ಣೆಗೆ. ತುಮಕೂರಿನವನಿಗೆ ಅದು ಮೊದಲೇ ಹೊಳೆಯಬೇಕಿತ್ತು ಅಲ್ವಾ!

ಬೆಂಗಳೂರಿನ ಒಂದು ಅಂಗಡಿಗೆ ಫೋನ್ ಮಾಡಿದೆ. ಬರೀ ಕಿಟಕಿ ಹಾಕಿಕೊಡುವುದಿಲ್ಲವಂತೆ. ಪೂರ್ತಿ ಟಾಪ್ ಬದಲಾಯಿಸಬೇಕು, 18 ಸಾವಿರ, ಫಿಟ್ಟಿಂಗ್ ಬೇರೆ. ಊರಿನ ಒಂದು ಕಾರ್ ಕುಷನ್ ಅಂಗಡಿಯವರು ಹಿಂದಿನ ಪರದೆಯನ್ನಷ್ಟೇ ಹೊಸ ರೆಕ್ಸಿನ್‌ನಲ್ಲಿ ಹೊಲಿದುಕೊಡುತ್ತೇನೆ, 6,500 ಆಗುತ್ತೆ ಅಂದರು. ರೆಕ್ಸಿನ್ ಚೆನ್ನಾಗಿಯೇ ಇತ್ತು. ಒಡೆದಿದ್ದು ಕಿಟಕಿ ಒಂದೇ. ಫೋನಿನಲ್ಲಿ ಹುಡುಕಿದರೆ ಬರುವುದೆಲ್ಲ ಹೊರದೇಶದ ಟಾಪ್ ತೆಗೆಯುವ ಕಾರುಗಳ ಮಾತು. ಅವುಗಳಲ್ಲಿ ಎಷ್ಟೋ ಕಾರಿಗೆ ನಿಜವಾದ ಗಾಜನ್ನೇ ಬಟ್ಟೆಗೆ ಅಂಟಿಸಿರುತ್ತಾರೆ. ಆ ಗಾಜು ಬಟ್ಟೆಯಿಂದ ಕಿತ್ತು ಬಂದರೆ ವಿಂಡ್‌ಶೀಲ್ಡಿಗೆ ಹಾಕುವಂಥ ಯುರೆಥೇನ್ ಅಂಟು ಬೇಕು, ಅದು ಬೇರೆಯೇ ಕೆಲಸ. ನನ್ನದಕ್ಕೆ ಬೇಕಿದ್ದದ್ದು ಪ್ಲಾಸ್ಟಿಕ್, ದಾರ, ಕೈಕೆಲಸ ಬಲ್ಲ ಒಬ್ಬರು.

ಅಂಥವರ ಸುಳಿವು ಸಿಕ್ಕಿದ್ದು ಆಟೋದಲ್ಲಿ ಕೂತಾಗ. ಬಸ್ ಸ್ಟ್ಯಾಂಡಿನಿಂದ ಮನೆಗೆ ಬರುತ್ತಿದ್ದೆ. ಸುಮ್ನೆ ಹಿಂದೆ ತಿರುಗಿದೆ. ಆಟೋದ ಟಾಪಿನಲ್ಲೂ ಹಿಂದೆ ಒಂದು ಪ್ಲಾಸ್ಟಿಕ್ ಕಿಟಕಿ! ಇಷ್ಟು ವರ್ಷ ಅದಕ್ಕೇ ಬೆನ್ನು ಕೊಟ್ಟು ಕೂತಿದ್ದೇನೆ. 'ಇದನ್ನು ಎಲ್ಲಿ ಹೊಲಿಸ್ತೀರಪ್ಪ?' ಅಂತ ಕೇಳಿದೆ. ಡ್ರೈವರ್ ಗಾಡಿಯನ್ನು ಸೀದಾ ಗುಬ್ಬಿ ಗೇಟ್ ಕಡೆಯ ಒಂದು ಶೆಡ್ಡಿಗೆ ತಿರುಗಿಸಿದ. ಮೀಟರ್ ಓಡುತ್ತಲೇ ಇತ್ತು, ಅದು ಬೇರೆ ಮಾತು.

ಟಾಪ್ ಹೊಲಿಯುವ ಯಜಮಾನರಿಗೆ ಅರವತ್ತು ದಾಟಿರಬೇಕು. ಮರುದಿನ ಜಿಪ್ಸಿ ತಂದೆ. ಅವರು ಮೊದಲು ಬೈದರು. 'ಆ ಗಮ್ ಯಾರು ಹಾಕಿದ್ದು?' ನಾನು ಸುಮ್ಮನಿದ್ದೆ. ಎರಡು ಪ್ಲಾಸ್ಟಿಕ್ ಹಾಳೆ ತಂದು ಬಡಿದು ತೋರಿಸಿದರು. ಅರ್ಧ ಮಿಲಿಮೀಟರಿನದು ಆಟೋದ ಮಳೆ ಪರದೆಗೆ ಸಾಕು, ಆದರೆ ಹೈವೇ ಓಟದಲ್ಲಿ ಪಟಪಟ ಅನ್ನುತ್ತದೆ. ನನಗೆ ಒಂದು ಮಿಲಿಮೀಟರಿನದು. ಸುರುಳಿಯಿಂದ ಕತ್ತರಿಸಿ, ಹಿಂದಿನ ಪರದೆಯ ಜೊತೆ ಅರ್ಧ ಗಂಟೆ ಬಿಸಿಲಿನಲ್ಲಿ ಹರಡಿಟ್ಟರು. ಬೆಚ್ಚಗಾದರೆ ಮೆತ್ತಗೆ ಮಲಗುತ್ತದಂತೆ.

ನಾನು ಅಂದುಕೊಂಡದ್ದು, ಮೊದಲು ಹಳೆಯದನ್ನು ಕತ್ತರಿಸಿ ಬಿಸಾಡುತ್ತಾರೆ ಅಂತ. ಅವರು ಮುಟ್ಟಲೇ ಇಲ್ಲ. 'ಹಳೇದು ತೆಗೆದ್ರೆ ಬಟ್ಟೆ ಜೋತು ಬೀಳುತ್ತೆ, ಅಳತೆ ತಪ್ಪುತ್ತೆ. ಹೊಸದನ್ನು ಅದರ ಮೇಲೇ ಹೊಲಿಯೋದು, ಆಮೇಲೆ ಒಳಗಿಂದ ಹಳೇದನ್ನು ಬಿಡಿಸೋದು.' ಹರಿದ ಕಿಟಕಿಯೇ ಹೊಸ ಕಿಟಕಿಗೆ ಚೌಕಟ್ಟು. ಈ ಉಪಾಯ ಕೇಳಿ ನನಗೆ ಅಲ್ಲೇ ಒಂದು ಟೀ ಕುಡಿಸಬೇಕು ಅನ್ನಿಸಿತು. ಕುಡಿಸಿದೆ.

ಗುಂಡುಪಿನ್ ಚುಚ್ಚಲಿಲ್ಲ. ಬಟ್ಟೆಯಲ್ಲಿ ಪಿನ್ನಿನ ತೂತು ಮುಚ್ಚಿಕೊಳ್ಳುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಹಾಗೇ ಉಳಿದು ನೀರು ಬಿಡುತ್ತದೆ. ಅದಕ್ಕೇ ಸುತ್ತಲೂ ಆಫೀಸಿನ ಕರಿ ಕ್ಲಿಪ್ಪು. ಹೊಲಿಗೆ ಮಷಿನ್ನಿನ ಕಾಲು ಪ್ಲಾಸ್ಟಿಕ್ಕಿಗೆ ಅಂಟಿ ಎಳೆಯುತ್ತದೆ, ಅಂತ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿದರು. ಹತ್ತಿ ದಾರ ಮಳೆಯಲ್ಲಿ ಕೊಳೆಯುತ್ತದೆ ಅಂತ ನೈಲಾನ್ ದಾರ. ಹೊಲಿಗೆ ಹತ್ತಿರ ಹತ್ತಿರ ಹಾಕಿದರೆ ಗಟ್ಟಿ ಅಂತ ನನ್ನ ಲೆಕ್ಕ, ಬಾಯಿ ಬಿಟ್ಟು ಹೇಳಿಯೂ ಬಿಟ್ಟೆ. ಅವರು ಕನ್ನಡಕದ ಮೇಲಿಂದ ನೋಡಿದರು. 'ಪೋಸ್ಟ್ ಸ್ಟ್ಯಾಂಪ್ ನೋಡಿದ್ದೀರಾ? ತೂತು ಜಾಸ್ತಿ ಆದ್ರೆ ಹಂಗೇ ಹರಿದು ಬರುತ್ತೆ.' ಉದ್ದುದ್ದ ಹೊಲಿಗೆ, ಎರಡು ಸಾಲು. ಆಮೇಲೆ ಆ ಸಾಲಿನ ಮೇಲೆ ಮೇಣದ ಬತ್ತಿ ಉಜ್ಜಿ, ಬೆರಳಿನಿಂದ ತಿಕ್ಕಿದರು.

ಮಧ್ಯಾಹ್ನ ಮೂರಕ್ಕೆ ಮುಗಿಯಿತು. ಪ್ಲಾಸ್ಟಿಕ್ಕು, ಕೂಲಿ ಎಲ್ಲ ಸೇರಿ 1,650 ರೂಪಾಯಿ. ಎಡಗಡೆ ಕೆಳಗೆ ಹೊಲಿಗೆ ಸ್ವಲ್ಪ ಸೊಟ್ಟ ಇದೆ. ಹುಡುಕಿದರೆ ಕಾಣುತ್ತದೆ, ನನಗಂತೂ ದಿನಾ ಕಾಣುತ್ತದೆ. ಆದರೆ ಕನ್ನಡಿಯಲ್ಲಿ ಹಿಂದಿನ ಲಾರಿಯ ನಂಬರ್ ಓದಲು ಬಂದದ್ದು ಎಷ್ಟು ವರ್ಷದ ಮೇಲೋ. ಮೊದಲ ದೊಡ್ಡ ಮಳೆಗೆ ಒಂದು ಮೂಲೆಯಲ್ಲಿ ನಾಲ್ಕು ಹನಿ ಜಿನುಗಿತು. ಇನ್ನೊಂದು ಸಲ ಮೇಣ ಉಜ್ಜಿದ ಮೇಲೆ ಅದೂ ನಿಂತಿತು.

ಒಣ ಬಟ್ಟೆಯಲ್ಲಿ ಧೂಳು ಒರೆಸಬಾರದು, ಮೊದಲು ನೀರು ಹೊಯ್ಯಬೇಕು ಅಂದಿದ್ದರು. ನಮ್ಮ ರಸ್ತೆಯ ಧೂಳು ಉಪ್ಪು ಕಾಗದವೇ. ಗಾಜು ಒರೆಸುವ ಅಮೋನಿಯಾದ ಸ್ಪ್ರೇ ಹತ್ತಿರವೂ ತರಬಾರದು. ಮಡಚುವುದಂತೂ ಬೇಡವೇ ಬೇಡ, ಚಾಪೆಯ ಹಾಗೆ ಸುತ್ತಬೇಕು, ಅದೂ ಚಳಿಯ ಬೆಳಿಗ್ಗೆ ಅಲ್ಲ. ಇಷ್ಟನ್ನು ಪಾಲಿಸುತ್ತಿದ್ದೇನೆ.

ಹೊರಡುವಾಗ ಹಳೆಯ ಹಳದಿ ಕಿಟಕಿಯನ್ನು ಕಸಕ್ಕೆ ಹಾಕಲು ಹೋದೆ. ಯಜಮಾನರು ಕೈಯಿಂದ ಕಿತ್ತುಕೊಂಡರು. 'ಇರಲಿ, ಇನ್ನೊಂದು ಜಿಪ್ಸಿ ಬಂದ್ರೆ ಅಳತೆಗೆ ಆಗುತ್ತೆ.' ಶೆಡ್ಡಿನ ಗೋಡೆಯಲ್ಲಿ ಆಟೋ ಟಾಪಿನ ರಟ್ಟಿನ ಅಳತೆಗಳ ಪಕ್ಕ ಒಂದು ಮೊಳೆಗೆ ಅದನ್ನು ನೇತುಹಾಕಿದರು. ಮೇಲೆ ಸೀಮೆಸುಣ್ಣದಲ್ಲಿ 'ಜಿಪ್ಸಿ' ಅಂತ ಬರೆದರು. ಮೊನ್ನೆ ಆ ಕಡೆ ಹೋದಾಗಲೂ ಅಲ್ಲೇ ಇತ್ತು, ಕೋತಿ ಮಾಡಿದ ತೂತಿನ ಸಮೇತ.