ಕಬ್ಬಿನ ಗದ್ದೆ ನಡುವೆ ಕಪ್ಪು ಕಲ್ಲಿನ ಗುಡ್ಡೆ

"ಒಂದು ನಿಮಿಷ ಗಾಡಿ ನಿಲ್ಲಿಸ್ತೀರಾ?" ಅಂತ ಡ್ರೈವರನ್ನು ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಮಾರಿಷಸ್‌ನ ಪೋರ್ಟ್ ಲೂಯಿ ದಾಟಿ ಹೊರಗೆ ಬಂದಿದ್ದೆವು. ರಸ್ತೆಯ ಎರಡೂ ಕಡೆ ಕಬ್ಬು. ಅಕ್ಟೋಬರ್ ತಿಂಗಳು, ಅಲ್ಲಿ ಕಬ್ಬು ಕಡಿಯುವ ಕಾಲ. ನಾನು ಮಂಡ್ಯದವಳು, ಕಬ್ಬು ಬೆಳೆಯೋ ಮನೆಯಲ್ಲಿ ಬೆಳೆದವಳು. ಒಣಗಿದ ತರಗಿನ ವಾಸನೆ ಮೂಗಿಗೆ ಬಡಿದ ಮೇಲೆ ಕೂತಿರೋಕೆ ಆಗಲಿಲ್ಲ.

ಗದ್ದೆಗಳ ನಡುವೆ ಅಲ್ಲಲ್ಲಿ ಕಪ್ಪು ಕಲ್ಲಿನ ಗುಡ್ಡೆಗಳಿದ್ದವು. ಕೆಲವು ಮನೆಯಷ್ಟು ಎತ್ತರ. ಯಾವುದೋ ಗುಡಿ ಇರಬೇಕು ಅಂದುಕೊಂಡೆ.

"ಗುಡಿ ಅಲ್ಲ ದೀದಿ. ಹೊಲದಿಂದ ಎತ್ತಿ ಹಾಕಿದ ಕಲ್ಲು. ನಮ್ಮ ಹಿರಿಯರು ಎತ್ತಿದ್ದು" ಅಂದರು ಡ್ರೈವರ್.

ಮಾರಿಷಸ್ ಜ್ವಾಲಾಮುಖಿಯಿಂದ ಎದ್ದ ದ್ವೀಪ. ಮಣ್ಣು ಕೆದಕಿದರೆ ಕಲ್ಲು. ಮೊದಲು ಆ ನೆಲ ಹಸನು ಮಾಡಿದವರು ಮಡಗಾಸ್ಕರ್, ಮೊಜಾಂಬಿಕ್ ಕಡೆಯಿಂದ ತಂದ ಗುಲಾಮರು. 1835ರಲ್ಲಿ ಅಲ್ಲಿ ಗುಲಾಮಗಿರಿ ಹೋಯಿತು. ಕಬ್ಬಿಗೆ ಆಳು ಬೇಕಲ್ಲ, ತೋಟದ ಮಾಲೀಕರು ಅದಕ್ಕೂ ಮುಂಚೆಯೇ ಭಾರತದ ಕಡೆ ಕಣ್ಣು ಹಾಕಿದ್ದರು. 1834ರ ನವೆಂಬರ್ 2ರಂದು ಅಟ್ಲಾಸ್ ಅನ್ನೋ ಹಡಗು ಕಲ್ಕತ್ತದಿಂದ 36 ಜನರನ್ನು ತಂದು ಇಳಿಸಿತು. ಅಲ್ಲಿಂದ 1920ರವರೆಗೆ ಹತ್ತಿರ ಹತ್ತಿರ ಐದು ಲಕ್ಷ ಜನ ಬಂದರು. ಬಿಹಾರದ ಕಡೆಯವರೇ ಜಾಸ್ತಿ. ಮದ್ರಾಸಿನಿಂದ, ಬೊಂಬಾಯಿಯಿಂದಲೂ ಹಡಗು ಹತ್ತಿದವರಿದ್ದರು.

"ಅಲ್ಲಿ ಕಲ್ಲು ಮಗುಚಿದರೆ ಕೆಳಗೆ ಚಿನ್ನ ಸಿಗುತ್ತೆ ಅಂತ ಹೇಳಿ ಕರ್ಕೊಂಡು ಬಂದರಂತೆ" ಅಂದರು ಡ್ರೈವರ್. ಅವರ ಅಜ್ಜಿ ಈ ಮಾತನ್ನು ಆಗಾಗ ಹೇಳುತ್ತಿದ್ದರಂತೆ. ಆ ದ್ವೀಪದಲ್ಲಿ ಎಷ್ಟೋ ಮನೆಗಳಲ್ಲಿ ಈ ಮಾತಿದೆ.

ಅವತ್ತು ಬೆಳಿಗ್ಗೆಯಷ್ಟೇ ನಾವು ಬಂದರಿನ ಆಪ್ರವಾಸಿ ಘಾಟ್ ನೋಡಿ ಬಂದಿದ್ದೆವು. ಹಡಗಿನಿಂದ ಇಳಿದವರು ಹತ್ತಿ ಬಂದ ಕಲ್ಲಿನ ಮೆಟ್ಟಿಲು ಇನ್ನೂ ಇದೆ. 2006ರಿಂದ ಅದು ವಿಶ್ವ ಪರಂಪರೆಯ ತಾಣ. ಮೊದಲು ಅದರ ಹೆಸರು ಕೂಲಿ ಘಾಟ್. ಬಂದವರನ್ನು ಎರಡು ದಿನ ಅಲ್ಲೇ ಇಟ್ಟುಕೊಂಡು, ಹೆಸರು ಬರೆದು, ಒಂದು ನಂಬರ್ ಕೊಟ್ಟು, ತೋಟಗಳಿಗೆ ಹಂಚುತ್ತಿದ್ದರು. ಊರು, ಅಪ್ಪನ ಹೆಸರು, ಜಾತಿ, ಎತ್ತರ, ಮೈಮೇಲಿನ ಗಾಯದ ಗುರುತು, ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. 1860ರ ದಶಕದಿಂದ ಫೋಟೋ ಕೂಡ ತೆಗೆದರು. ಓಡಿಹೋದರೆ ಹಿಡಿಯೋಕೆ ಬೇಕಲ್ಲ! ಗಂಡಾಳಿಗೆ ತಿಂಗಳಿಗೆ ಐದು ರೂಪಾಯಿ, ಜೊತೆಗೆ ಅಕ್ಕಿ, ಬೇಳೆ. ಒಂದು ದಿನ ಕೆಲಸಕ್ಕೆ ಬರದಿದ್ದರೆ ಎರಡು ದಿನದ ಕೂಲಿ ಕಟ್. ಜ್ವರ ಬಂದು ಮಲಗಿದವನ ಗತಿ ಏನು ಅಂತ ಯೋಚಿಸಿ ನನಗೆ ಹೊಟ್ಟೆ ಉರಿಯಿತು.

ಆ ದಾಖಲೆಗಳು ಈಗ ಮೋಕಾ ಅನ್ನೋ ಊರಿನ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿವೆ. ಡ್ರೈವರ್ ಅಲ್ಲಿಗೆ ಹೋಗಿ ತಮ್ಮ ಮುತ್ತಜ್ಜನ ವಿವರ ತೆಗೆಸಿಕೊಂಡಿದ್ದಾರೆ. ಕಾರಿನಲ್ಲೇ ಇತ್ತು, ಪ್ಲಾಸ್ಟಿಕ್ ಕವರಿನಲ್ಲಿ. ಬಲ ಹುಬ್ಬಿನ ಮೇಲೆ ಗಾಯದ ಗುರುತು ಅನ್ನೋ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. "ಮುಖ ಗೊತ್ತಿಲ್ಲ. ಇದೊಂದು ಗೊತ್ತು" ಅಂದರು.

ನಾನು ಗುಡ್ಡೆ ಹತ್ತಿರ ಹೋಗಿ ಒಂದು ಕಲ್ಲು ಎತ್ತಲು ನೋಡಿದೆ. ಅಲ್ಲಾಡಲಿಲ್ಲ. ಸ್ವಲ್ಪ ಸಣ್ಣದನ್ನು ಎತ್ತಿದೆ, ಸೊಂಟದ ತನಕ ಬಂತು ಅಷ್ಟೇ. ಬಿಸಿಲಿಗೆ ಕಾದ ಕಲ್ಲು ಅಂಗೈ ಸುಟ್ಟಿತು. ವಾಪಸ್ ಬರುವಾಗ ಕಬ್ಬಿನ ಗರಿ ತಾಗಿ ಮೊಣಕೈ ಕೆಳಗೆ ತೆಳ್ಳಗೆ ಕೊಯ್ಯಿತು. ಆ ಉರಿ ನನಗೆ ಚಿಕ್ಕಂದಿನಿಂದ ಗೊತ್ತು.

ಆಗ ನೆನಪಾದದ್ದು ನಮ್ಮೂರಿಗೆ ಬರುತ್ತಿದ್ದ ಬಳ್ಳಾರಿ ಗ್ಯಾಂಗು. ಕಟಾವಿನ ಹೊತ್ತಿಗೆ ಗಂಡ, ಹೆಂಡತಿ, ಕೈಕೂಸು ಸಮೇತ ಬರುತ್ತಿದ್ದರು. ಮೇಸ್ತ್ರಿ ಮುಂಗಡ ಕೊಟ್ಟು ಕರೆತರುತ್ತಿದ್ದ. ನಾಲೆ ಪಕ್ಕ ಕಬ್ಬಿನ ಸೋಗೆ ಹೊದಿಸಿದ ಗುಡಿಸಲು. ಅವರಲ್ಲಿ ಒಬ್ಬಾಕೆ ನನ್ನನ್ನು ಕಂಡಾಗಲೆಲ್ಲ ಎಳೆ ಜಲ್ಲೆ ಆರಿಸಿ, ಮಚ್ಚಿನಲ್ಲಿ ಸಿಪ್ಪೆ ಹೆರೆದು, ತುಂಡು ಮಾಡಿ ಕೊಡುತ್ತಿದ್ದಳು. ಆರೇಳು ವರ್ಷ ಬಂದಿರಬಹುದು. ಆಕೆಯ ಕೈ ತುಂಬ ಗರಿ ಕೊಯ್ದ ಗೆರೆಗಳು.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಗುಡ್ಡೆಯ ಫೋಟೋ ಮೊದಲೇ ಕಳಿಸಿದ್ದೆ.

"ಇಷ್ಟು ಕಲ್ಲಿಗೆ ಎಷ್ಟು ಜೊತೆ ಎತ್ತು ಕಟ್ಟಿದ್ರಂತೆ?" ಅಂದರು.

"ಕೈಯಲ್ಲೇ ಎತ್ತಿದ್ದಂತೆ ಅಪ್ಪ, ತಲೆ ಮೇಲೆ ಹೊತ್ತು ಹಾಕಿದ್ದಂತೆ."

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಾನು ಆ ಹೆಂಗಸಿನ ಬಗ್ಗೆ ಕೇಳಿದೆ. ಚೆನ್ನಾಗಿ ನೆನಪಿದೆ ಅಂದರು. ಹಳೇ ಲೆಕ್ಕದ ಪುಸ್ತಕ ಅಟ್ಟದ ಮೇಲಿದೆ, ನೋಡಿ ಹೇಳ್ತೀನಿ ಅಂತ ಇಟ್ಟರು. ಅರ್ಧ ಗಂಟೆ ಬಿಟ್ಟು ಅವರೇ ಫೋನ್ ಮಾಡಿದರು.

"ಆಯಮ್ಮನ ಹೆಸರಿಲ್ಲ ಕಣವ್ವ. ಮೇಸ್ತ್ರಿ ಹೆಸರು ಬರ್ಕೊಂಡಿದ್ದೀನಿ. ಕೆಳಗೆ ಹನ್ನೆರಡು ಜನ ಅಂತ ಅಷ್ಟೇ ಐತೆ."