ಹಸಿ ಶಿಮ್ಮಿನೇ ಬೇಕು

ಮಳೆಗಾಲದಲ್ಲಿ ಶಿವಮೊಗ್ಗದಲ್ಲಿ ಎರಡೂವರೆ ವರ್ಷದ ಮಗು ಇರೋ ಮನೆಗೆ ಬೆಳಿಗ್ಗೆ ಎಂಟರಿಂದ ಒಂಬತ್ತರ ಒಳಗೆ ಯಾರೂ ಫೋನ್ ಮಾಡ್ಬೇಡಿ ದಯವಿಟ್ಟು. ನಾವು ರಿಸೀವ್ ಮಾಡಲ್ಲ, ಮಾಡಿದ್ರೂ ಹಿಂದೆ ಕೇಳ್ಸೋ ಕಿರುಚಾಟಕ್ಕೆ ನೀವೇ ಗಾಬರಿಯಾಗಿ ಇಡ್ತೀರಿ. ಯಾರೂ ಯಾರನ್ನೂ ಹೊಡೀತಿಲ್ಲ, ಪುಟ್ಟಿಗೆ ಬಟ್ಟೆ ಹಾಕ್ತಿದೀವಿ ಅಷ್ಟೇ.

ನಮ್ಮನೇಲಿ ಈಗ ನಡೀತಿರೋದು ಶಿಮ್ಮಿ ಆಡಳಿತ. ಹೊಸನಗರದ ಹತ್ರ ಊರಲ್ಲಿರೋ ನಮ್ಮಮ್ಮ ಒಂದು ಹಳೇ ಕಾಟನ್ ಸೀರೆ ಹರಿದು ಹೊಲಿದುಕೊಟ್ಟ ಪೆಟಿಕೋಟು ಅದು. ತಿಳಿ ನೀಲಿ ಬಣ್ಣ, ಇತ್ತು ಒಂದು ಕಾಲದಲ್ಲಿ. ಎಡಗಡೆ ಭುಜದ ಪಟ್ಟಿ ಸಡಿಲ ಆಗಿ ಈಗ ಗಂಟು ಹಾಕಿದೀವಿ. ಹೊಟ್ಟೆ ಹತ್ರ ಬ್ಲೌಸ್ ಪೀಸಿನ ಕೆಂಪು ಜೇಬು, ಅದ್ರೊಳಗೆ ಯಾವಾಗ್ಲೂ ಒಂದು ಹೇರ್ ಕ್ಲಿಪ್ಪು ಮತ್ತೆ ಅರ್ಧ ಚಕ್ಕುಲಿ. ಜೇಬಿನ ಪಕ್ಕದಲ್ಲಿ ಅಂಗೈ ಅಗಲದ ಕಂದು ಕಲೆ, ಊರಲ್ಲಿ ಅಡಿಕೆ ಬೇಯಿಸೋ ಟೈಮಲ್ಲಿ ಚೊಗರಿನ, ಅಂದ್ರೆ ಅಡಿಕೆ ಬೇಯಿಸಿದ ಕಂದು ನೀರಿನ, ಬಕೆಟ್ಟಿಗೆ ಬಗ್ಗಿದ್ದಳು. ಅಡಿಕೆ ಮನೆಯವರಿಗೆ ಗೊತ್ತು, ಚೊಗರು ಬಿದ್ದ ಬಟ್ಟೆ ಬಟ್ಟೆ ಹೋದ್ರೂ ಕಲೆ ಹೋಗಲ್ಲ. ಗಾಂಧಿ ಬಜಾರಲ್ಲಿ ಅಂಗಡಿ ಅಂಗಡಿ ಸುತ್ತಿ ತಂದ ಫ್ರಾಕುಗಳೆಲ್ಲ ಟ್ಯಾಗ್ ಸಮೇತ ಕಪಾಟಲ್ಲಿ ಕೂತಿವೆ, ಈ ಶಿಮ್ಮಿ ಒಂದೇ ದಿನಾ ಡ್ಯೂಟಿ ಮಾಡ್ತಿರೋದು.

ಬೇಸಿಗೆಯಲ್ಲಿ ಇದೇನೂ ಸಮಸ್ಯೆ ಇರಲಿಲ್ಲ ನೋಡಿ. ರಾತ್ರಿ ಒಗೆದ್ರೆ ಬೆಳಿಗ್ಗೆಗೆ ಗರಿಗರಿ. ಈಗ ಜುಲೈ. ನಮ್ಮ ಶಿವಮೊಗ್ಗ ಪೇಟೇಲಿ ಆಗುಂಬೆಯಷ್ಟು ಮಳೆ ಇಲ್ಲ ನಿಜ, ಅಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ದಾಟುತ್ತೆ, ಅಲ್ಲಿನ ಅಮ್ಮಂದಿರಿಗೆ ನನ್ನ ದೊಡ್ಡ ನಮಸ್ಕಾರ, ಆದ್ರೆ ಬಟ್ಟೆ ಒಣಗದೇ ಇರೋಕೆ ಅಷ್ಟು ಮಳೆ ಬೇಕಾಗಿಲ್ಲ, ಈ ಜಿಟಿಜಿಟಿನೇ ಸಾಕು. ಊರಲ್ಲಾದ್ರೆ ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿರ್ತಾರೆ, ಬಟ್ಟೆ ಹೊಗೆ ವಾಸನೆ ಹೊಡೆದ್ರೂ ಒಣಗಿರುತ್ತೆ. ವಿನೋಬನಗರದ ಬಾಡಿಗೆ ಮನೇಲಿ ಬಚ್ಚಲೊಲೆ ಎಲ್ಲಿಂದ ತರೋದು, ಗೀಸರ್ ಮೇಲೆ ಬಟ್ಟೆ ಹರವೋಕಾಗುತ್ತಾ. ಹಾಲಲ್ಲಿ ಫ್ಯಾನ್ ಕೆಳಗೆ ಸ್ಟ್ಯಾಂಡು, ಸ್ಟ್ಯಾಂಡ್ ಮೇಲೆ ಮೂರು ದಿನದ ಚಡ್ಡಿ ಬನಿಯನ್ನು, ನೆಂಟರು ಬಂದ್ರೆ ಅದರ ಕೆಳಗೇ ಬಗ್ಗಿ ಸೋಫಾಗೆ ಹೋಗಿ ಕೂರ್ಬೇಕು.

ಶಿಮ್ಮಿ ಮಶಿನ್ನಿಗೆ ಬಿದ್ದ ದಿನ ನಮ್ಮ ಪುಟ್ಟಿ ಮಶಿನ್ನಿನ ಗಾಜಿನ ಬಾಗಿಲಿಗೆ ಮೂಗು ಒತ್ತಿ ಕೂತಿರ್ತಾಳೆ. ಒಳಗೆ ಅದು ಸುತ್ತುತ್ತಾ ಬಂದು ಒಂದ್ಸಲ ಗಾಜಿಗೆ ಅಂಟಿದ್ರೆ "ಬಂತು!" ಅಂತ ಚಪ್ಪಾಳೆ, ಆ ಕಡೆ ಹೋದ್ರೆ ಅಳು. ತೆಗೆದ ಕೂಡ್ಲೇ ಹಾಕ್ಬೇಕು. "ಹಸಿ ಇದೆ ಪುಟ್ಟಿ, ಶೀತ ಆಗುತ್ತೆ" ಅಂದ್ರೆ "ಹಸಿ ಬೇಕು" ಅಂತಾಳೆ. "ಒಣಗ್ಲಿ ಆಮೇಲೆ" ಅಂದ್ರೆ "ಒಣಗೋದು ಬ್ಯಾಡ". ಇಸ್ತ್ರಿಪೆಟ್ಟಿಗೆ ಹಿಡ್ಕೊಂಡು ಹಸಿ ಶಿಮ್ಮಿ ಮೇಲೆ ಉಜ್ಜುತ್ತಾ ನಿಂತಿರೋ ನನ್ನ ಗಂಡನ್ನ ನೋಡಿದ್ರೆ ಯಾವ್ದೋ ಕಂಪನಿಯಲ್ಲಿ ಟೀಮ್ ಲೀಡ್ ಅಂತ ಯಾರೂ ನಂಬಲ್ಲ. ಹಬೆ ಏಳ್ತಾ ಇರುತ್ತೆ, ಹೆಡ್‌ಫೋನಲ್ಲಿ ಮೀಟಿಂಗ್ ನಡೀತಾ ಇರುತ್ತೆ, ಕಾಲ ಹತ್ರ ಬರೀ ಮೈಯಲ್ಲಿ ಒಬ್ಳು "ಆಯ್ತಾ? ಆಯ್ತಾ?" ಅಂತ ಕೇಳ್ತಾನೇ ಇರ್ತಾಳೆ.

ನೀವು ಕೇಳ್ಬಹುದು ಇನ್ನೊಂದು ಶಿಮ್ಮಿ ಹೊಲಿಸೋಕೆ ಏನು ಕಷ್ಟ ಅಂತ. ಹೊಲಿಸಿದ್ವಿ ಸ್ವಾಮಿ. ಅದೇ ಸೀರೆಯ ಉಳಿದ ತುಂಡು, ಅದೇ ಅಳತೆ, ಅದೇ ಕೆಂಪು ಜೇಬು, ಅಮ್ಮ ಬಸ್ಸಲ್ಲಿ ಕಳಿಸಿದ್ದಳು. ಪುಟ್ಟಿ ಅದನ್ನ ಕೈಲಿ ತಗೊಂಡು ಮೂಸಿ, ತಿರುಗಿಸಿ ಹೊಟ್ಟೆ ಭಾಗ ನೋಡಿದ್ಲು. ಕಲೆ ಇಲ್ಲ! ರಿಜೆಕ್ಟ್. ನನ್ನ ಗಂಡ ಆವತ್ತು ರಾತ್ರಿ ಕಾಫಿ ಡಿಕಾಕ್ಷನ್ನಲ್ಲಿ ಬೆರಳು ಅದ್ದಿ ಅದೇ ಜಾಗಕ್ಕೆ ನಕಲಿ ಕಲೆ ಮಾಡೋಕೆ ಕೂತಿದ್ರು. ಬಣ್ಣ ಸರಿಯಾಗೇ ಬಂದಿತ್ತು ಪಾಪ, ವಾಸನೆಯಲ್ಲಿ ಸಿಕ್ಕಿಬಿದ್ರು. ಆ ಎರಡನೇ ಶಿಮ್ಮಿ ಈಗ ಅವಳ ಗೊಂಬೆ ಹಾಕ್ಕೊಂಡಿದೆ, ಗೊಂಬೆ ತಕರಾರು ಮಾಡಲ್ಲ.

ಇದು ನಮ್ಮನೆ ಒಂದರ ಕಥೆ ಅಲ್ಲ ಅನ್ನೋದೇ ನನಗಿರೋ ಸಮಾಧಾನ. ನಮ್ಮಣ್ಣನ ಮಗ ಮೂರು ವರ್ಷದವನಿದ್ದಾಗ ಗಮ್ ಬೂಟ್ ಬಿಚ್ತಿರಲಿಲ್ಲ, ಮಲಗುವಾಗ್ಲೂ, ನಿದ್ದೆ ಬಂದ ಮೇಲೆ ಕಳ್ಳರ ಹಾಗೆ ಎಳೀಬೇಕಿತ್ತು. ನಮ್ಮ ಮೇಲಿನ ಮನೆ ಹುಡುಗ ಪ್ಯಾಂಟ್ ಮೇಲೆ ಚಡ್ಡಿ ಹಾಕ್ತಾನೆ, ಅದೂ ಹನುಮಂತನ ಚಿತ್ರ ಇರೋದು, ಒಳಗೆ ಹಾಕಿದ್ರೆ ಹನುಮಂತಂಗೆ ಕಾಣಲ್ವಂತೆ. ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ, ಸರಿಯಾಗೇ ಇದೆ ಅನ್ಸುತ್ತೆ.

ಆದ್ರೆ ಎಲ್ಲಾರಿಗಿಂತ ಮೇಲು ತೀರ್ಥಹಳ್ಳಿಯ ನನ್ನ ಫ್ರೆಂಡ್ ಮಗ. ಅವನಿಗೆ ಮಂಕಿ ಕ್ಯಾಪ್ ಹುಚ್ಚು. ಚೌಲದ ದಿನ, ಮನೆ ತುಂಬ ನೆಂಟರು, ಹೋಮ ಎಲ್ಲ ಆಯ್ತು, ಕ್ಷೌರಿಕರು ಬಂದು ಕತ್ತರಿ ಹಿಡ್ಕೊಂಡು ಕೂತಿದಾರೆ, ಇವನು ಟೋಪಿ ತೆಗೀತಿಲ್ಲ. ತಲೆ ಕೂದಲು ತೆಗೆಯೋ ಶಾಸ್ತ್ರಕ್ಕೆ ತಲೆಯೇ ಸಿಗ್ತಿಲ್ಲ! ಸೋದರಮಾವನ ತೊಡೆ ಮೇಲೆ ಕೂತು ಎರಡೂ ಕೈಯಿಂದ ಟೋಪಿ ಕಿವಿ ಹತ್ರ ಗಟ್ಟಿ ಹಿಡ್ಕೊಂಡಿದಾನೆ. ಚಾಕಲೇಟ್ ಕೊಟ್ರು, ಟೋಪಿ ಬಾಯಿ ಹತ್ರ ಸ್ವಲ್ಪ ಇಳಿಸಿ ತಿಂದು ಮತ್ತೆ ಏರಿಸಿದ. ಮೊಬೈಲ್ ಕೊಟ್ರು, ಟೋಪಿಯೊಳಗಿಂದ್ಲೇ ನೋಡಿದ. ಮುಹೂರ್ತ ಮೀರುತ್ತೆ ಅಂತ ಪುರೋಹಿತರು ವಾಚ್ ನೋಡ್ಕೊಳ್ತಾ ಇದ್ರೆ ಅಡಿಗೆ ಭಟ್ರು ಹೋಳಿಗೆ ತಟ್ಟೋದು ಬಿಟ್ಟು ಬಂದು ಬಾಗಿಲಲ್ಲಿ ನಿಂತು ನೋಡ್ತಿದ್ರು. ಕೊನೆಗೆ ಅವನಜ್ಜ ಬಂದು ಏನೂ ಹೇಳದೆ ತನ್ನ ತಲೆಗೇ ಇನ್ನೊಂದು ಮಂಕಿ ಕ್ಯಾಪ್ ಹಾಕ್ಕೊಂಡು ಪಕ್ಕದಲ್ಲಿ ಕೂತು, "ನಂದು ನೀನು ತೆಗಿ, ನಿಂದು ನಾನು ತೆಗೀತೀನಿ" ಅಂದ್ರು. ಡೀಲ್ ಆಯ್ತು. ಕೂದಲು ಹೋದ್ಮೇಲೆ ಬೋಳು ತಲೆಗೆ ಮತ್ತೆ ಅದೇ ಟೋಪಿ, ಹಾಗಾಗಿ ಚೌಲದ ಫೋಟೋ ಒಂದರಲ್ಲೂ ಚೌಲ ಆಗಿದೆ ಅನ್ನೋಕೆ ಸಾಕ್ಷಿ ಇಲ್ಲ.

ಎರಿಕ್ ಎರಿಕ್ಸನ್ ಅಂತ ಒಬ್ಬ ಮನಶ್ಶಾಸ್ತ್ರಜ್ಞ 1950ರಲ್ಲೇ ಬರೆದಿದಾರೆ, ಮನುಷ್ಯನ ಬೆಳವಣಿಗೆಯ ಎಂಟು ಹಂತದಲ್ಲಿ ಎರಡನೇದು ಈ ವಯಸ್ಸಲ್ಲಿ ಬರುತ್ತೆ, ಒಂದೂವರೆಯಿಂದ ಮೂರು ವರ್ಷದ ಸುಮಾರಿಗೆ, ನನ್ನ ಕೈ ನನ್ನ ಕಾಲು ನನ್ನ ಇಷ್ಟ ಅಂತ ಮಗು ಕಂಡುಕೊಳ್ಳೋ ಹೊತ್ತು ಅದು ಅಂತ. ಸರಿ, ಒಪ್ಪಿದೆ. ಆದ್ರೆ ಅದರಲ್ಲಿ ಇನ್ನೊಂದು ಫಜೀತಿ ಇದೆ, ಮಕ್ಕಳಿಗೆ ಬಟ್ಟೆ ಬಿಚ್ಚೋದು ಮೊದ್ಲು ಬರುತ್ತೆ, ಹಾಕೋದು ಆಮೇಲೆ. ಕಾಲುಚೀಲ ಕಿತ್ತೆಸೆಯೋದು ಒಂದು ವರ್ಷಕ್ಕೇ ಕಲೀತಾವೆ, ಗುಂಡಿ ಹಾಕೋಕೆ ಮೂರು ನಾಲ್ಕು ವರ್ಷ ಆಗ್ಬೇಕು. ನಡುವೆ ಇರೋ ಅಷ್ಟೂ ದಿನ ಅವರ ಪ್ರತಿಭೆ ಎಲ್ಲ ಒಂದೇ ದಿಕ್ಕಿಗೆ. ನಾನು ಒಂದು ತೋಳು ಹಾಕೋಷ್ಟರಲ್ಲಿ ಇನ್ನೊಂದು ತೋಳು ಹೊರಗೆ ಬಂದಿರುತ್ತೆ. "ನಾನೇ, ನಾನೇ" ಅಂತ ಕಿತ್ಕೊಂಡು ಎರಡೂ ಕಾಲು ಲೆಗ್ಗಿಂಗ್ಸಿನ ಒಂದೇ ತೂತಿಗೆ ತೂರಿಸಿ ಎದ್ದು ನಿಂತು ಬೀಳ್ತಾಳೆ. ಎತ್ತೋಕೆ ಹೋದ್ರೆ ಅದಕ್ಕೂ ಬೈಗುಳ, ಬೀಳೋದನ್ನೂ ಅವಳೇ ಮಾಡ್ಬೇಕು.

ಹಂಗಾಗಿ ನಂಗನ್ಸೋದು, ಜಗಳ ಬಟ್ಟೆದಲ್ಲ, ಯಾರು ತೀರ್ಮಾನ ಮಾಡೋದು ಅನ್ನೋದ್ರದ್ದು. ಎರಡು ಫ್ರಾಕ್ ಮುಂದಿಟ್ಟು "ಯಾವ್ದು ಬೇಕು" ಅಂತ ಕೇಳಿ, ಆರಿಸಿದ್ದು ತಾನೇ ಅನ್ನೋ ಖುಷಿಗೆ ಹಾಕ್ಕೊಳ್ತಾರೆ ಅಂತ ಎಲ್ಲ ಕಡೆ ಸಲಹೆ ಕೊಡ್ತಾರಲ್ಲ, ಅದು ಕೆಲವು ದಿನ ಕೆಲಸ ಮಾಡುತ್ತೆ ಸುಳ್ಳಲ್ಲ. ಉಳಿದ ದಿನ ಪುಟ್ಟಿ ಎರಡನ್ನೂ ನೋಡಿ "ಅಜ್ಜಂದು ಪಂಚೆ" ಅಂತಾಳೆ. ಇನ್ನೊಂದು ಮಾತು, ಕೆಲವು ಸಲ ಹಟದ ಹಿಂದೆ ನಿಜವಾದ ಕಾರಣನೂ ಇರುತ್ತೆ, ಕುತ್ತಿಗೆ ಹಿಂದಿನ ಲೇಬಲ್ಲು ಚುಚ್ಚುತ್ತೆ, ಕಾಲುಚೀಲದ ತುದಿಯ ಹೊಲಿಗೆ ಬೆರಳಿಗೆ ಒತ್ತುತ್ತೆ, ಜರಿ ಬಾರ್ಡರ್ ಕಂಕುಳಲ್ಲಿ ಕೆರೆಯುತ್ತೆ, ಅದನ್ನ ಹೇಳೋಕೆ ಮಾತು ಬರಲ್ಲ, ಕಿರುಚೋಕೆ ಬರುತ್ತೆ. ಲೇಬಲ್ ಎಲ್ಲ ಕತ್ತರಿಸಿ ಹಾಕಿದ ಮೇಲೆ ನಮ್ಮನೇಲಿ ಅರ್ಧ ಯುದ್ಧ ಕಮ್ಮಿ ಆಗಿದೆ.

ಮೊನ್ನೆ ಮಳೆ ಸ್ವಲ್ಪ ಬಿಡುವು ಕೊಟ್ಟ ಭಾನುವಾರ ಸಕ್ರೆಬೈಲಿನ ಆನೆ ಬಿಡಾರಕ್ಕೆ ಕರ್ಕೊಂಡು ಹೋಗಿದ್ವಿ, ಆನೆ ಸ್ನಾನ ನೋಡೋಕೆ. ಮಾವುತರು ಹಿನ್ನೀರಲ್ಲಿ ಆನೆ ಮಲಗಿಸಿ ಉಜ್ಜುತಾ ಇದ್ರು, ಪುಟ್ಟಿ ಬಾಯಿ ಬಿಟ್ಕೊಂಡು ನೋಡ್ತಿದ್ಲು. ಆನೆ ಎದ್ದು ನೀರು ಸುರಿಸ್ಕೊಂಡು ಹೋಯ್ತು. ಇವಳು ನನ್ನ ಕಡೆ ತಿರುಗಿ ದೊಡ್ಡ ಧ್ವನಿಯಲ್ಲಿ, "ಆನೆ ಚಡ್ಡಿ ಹಾಕಿಲ್ಲ." ಅಕ್ಕಪಕ್ಕದವರೆಲ್ಲ ನಕ್ಕರು. ನಾನು ಹೂಂ ಅಂದೆ, ಅಷ್ಟೇ ಸಾಕಾಯ್ತು, ಅಲ್ಲೇ ಲೆಗ್ಗಿಂಗ್ಸ್ ಬಿಚ್ಚೋಕೆ ಶುರು. ನನ್ನ ಗಂಡ ಜಾಣತನ ತೋರ್ಸೋಕೆ ಹೋಗಿ, "ದಸರಾ ಮೆರವಣಿಗೆಗೆ ಇವೇ ಆನೆಗಳು ಶಿವಮೊಗ್ಗಕ್ಕೆ ಬರ್ತಾವಲ್ಲ, ಅವಾಗ ಚಂದದ ಬಟ್ಟೆ ಹಾಕ್ತಾವೆ ಪುಟ್ಟಿ" ಅಂದ್ರು, ಫೋನಲ್ಲಿ ಹೋದ ವರ್ಷದ ಫೋಟೋ ಬೇರೆ ತೋರ್ಸಿದ್ರು. ಮನೆಗೆ ಬಂದಾಗಿಂದ ನಮ್ಮ ಹೊಸ ಬೆಡ್‌ಶೀಟು ಅವಳ ಬೆನ್ನ ಮೇಲಿದೆ. ಜೂಲು ಅದು. ಶಿಮ್ಮಿ ಮೇಲೆ ಜೂಲು ಹೊದ್ದು ನಾಲ್ಕು ಕಾಲಲ್ಲಿ ಹಾಲಿಂದ ಅಡಿಗೆಮನೆಗೆ ಜಂಬೂಸವಾರಿ ಹೋಗ್ತಾ ಇರುತ್ತೆ ದಿನಾ, ನೆಲ ಒರೆಸೋ ಕೆಲಸ ಒಂದು ಉಳೀತು.

ನಮ್ಮತ್ತೆ ಇದೆಲ್ಲ ನೋಡಿ "ನಮ್ಮ ಕಾಲದಲ್ಲಿ ಮಕ್ಕಳು ಹೀಗೆ ಹಟ ಮಾಡ್ತಿರಲಿಲ್ಲಪ್ಪ" ಅಂತಿದ್ರು. ಅವರ ತಂಗಿ ಬಂದಿದ್ರು ಹೋದ ವಾರ, ಅವರು ಪಟ್ ಅಂತ, "ಏ ಸುಮ್ನಿರೇ, ನಿನ್ನ ಮಗ ಐದು ವರ್ಷದ ತನಕ ಬರೀ ಉಡಿದಾರದಲ್ಲೇ ಇದ್ದ, ಪೋಸ್ಟ್‌ಮ್ಯಾನ್ ಬಂದ್ರೂ ಹಂಗೇ ಓಡಿಹೋಗಿ ಕಾಗದ ಇಸ್ಕೊಳ್ತಿದ್ದ" ಅಂದ್ರು. ಟೀಮ್ ಲೀಡ್ ಸಾಹೇಬ್ರು ಅವತ್ತಿಡೀ ರೂಮಿಂದ ಹೊರಗೆ ಬರಲಿಲ್ಲ.

ನಾನಂತೂ ಒಂದು ಗೆರೆ ಹಾಕ್ಕೊಂಡಿದೀನಿ. ತೋಟಕ್ಕೆ ಇಳಿಯೋದಾದ್ರೆ ಉದ್ದ ಪ್ಯಾಂಟು ಬೂಟು ಹಾಕ್ಲೇಬೇಕು, ಅಲ್ಲಿ ಇಂಬಳ, ಅದೇ ರಕ್ತ ಹೀರೋ ಜಿಗಣೆ, ಯಾರ ಹಟಾನೂ ಕೇಳಲ್ಲ. ಚಳಿ ಇದ್ರೆ ಸ್ವೆಟರ್. ಇವೆರಡಕ್ಕೆ ಎಷ್ಟು ಅತ್ರೂ ಬಿಡಲ್ಲ. ಮದುವೆ ಮನೇಲಿ ರೇಷ್ಮೆ ಲಂಗ ಹಾಕ್ಲಿಲ್ಲ ಅನ್ನೋದಕ್ಕೆಲ್ಲ ನಾನು ಇನ್ಮೇಲೆ ಬೆವರು ಸುರಿಸಲ್ಲ, ಅದು ಫೋಟೋಗೆ, ನೋಡೋರಿಗೆ, ನಮ್ಮ ಮರ್ಯಾದೆಗೆ, ಮಗೂಗೇನು ಅದರಿಂದ. ದೊಡ್ಡಮ್ಮ ಮುಖ ಊದಿಸ್ಕೊಂಡ್ರೆ ಊದಿಸ್ಕೊಳ್ಳಲಿ.

ಈಗ ಹೊಸ ತಲೆನೋವು ಅಂದ್ರೆ ಪ್ಲೇಸ್ಕೂಲು. ಮುಂದಿನ ವಾರದಿಂದ ಹೋಗ್ಬೇಕು. ಯೂನಿಫಾರ್ಮ್ ಬಂದಿದೆ, ಕಾಲರ್ ಇರೋ ಟೀಶರ್ಟು, ಚೆಕ್ಸ್ ಸ್ಕರ್ಟು. ಪುಟ್ಟಿಗೆ ತೋರಿಸಿದ್ವಿ, "ಇದು ಆ ಅಕ್ಕಂದು" ಅಂತ ಪಕ್ಕದ ಮನೆ ಹುಡುಗಿಗೆ ದಾನ ಮಾಡಿ ಬಂದಳು, ನಾನು ಹೋಗಿ ವಾಪಸ್ ಇಸ್ಕೊಂಡು ಬಂದೆ. ಮಿಸ್‌ಗೆ ಫೋನ್ ಮಾಡಿ ಸಂಕೋಚದಿಂದ್ಲೇ ಕೇಳ್ದೆ, ಮೊದಲೆರಡು ದಿನ ಯೂನಿಫಾರ್ಮ್ ಒಳಗೆ ಒಂದು ಹಳೇ ಶಿಮ್ಮಿ ಹಾಕಿ ಕಳಿಸ್ಲಾ, ಸ್ವಲ್ಪ ಕೆಳಗೆ ಕಾಣ್ಬಹುದು, ಕಲೆ ಬೇರೆ ಇದೆ ಅಂತ. ಅವರು ನಕ್ಕು, "ಮೇಡಂ, ನಮ್ಮಲ್ಲಿ ಒಬ್ಬ ದಿನಾ ಟವೆಲ್ ಸುತ್ಕೊಂಡು ಬರ್ತಾನೆ. ಏನಾದ್ರೂ ಹಾಕ್ಕೊಂಡು ಬಂದ್ರೆ ಸಾಕು, ಕಳ್ಸಿ" ಅಂದ್ರು.