ಬಿಎಎಂಎಸ್ ಓದಿದರೆ ಬೆಲೆ ಇದೆಯಾ?

ಪ್ರತಿ ವರ್ಷ ನೀಟ್ ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. "ಮೇಡಂ, ಮಗಳ ರ‍್ಯಾಂಕಿಗೆ ಎಂಬಿಬಿಎಸ್ ಸಿಗೋ ಹಾಗೆ ಕಾಣಲ್ಲ, ಬಿಎಎಂಎಸ್‌ಗೆ ಹಾಕೋಣ ಅಂತಿದ್ದೀವಿ. ಅದಕ್ಕೆ ಬೆಲೆ ಇದೆಯಾ?" ಬಿಎಎಂಎಸ್ ಅಂದರೆ ಆಯುರ್ವೇದ ವೈದ್ಯರಾಗಲು ಓದುವ ಡಿಗ್ರಿ. ನಾನೂ ಅದನ್ನೇ ಓದಿದವಳು, 12 ವರ್ಷದಿಂದ ಆಯುರ್ವೇದ ಕ್ಲಿನಿಕ್ ನಡೆಸುತ್ತಿದ್ದೇನೆ.

ಡಿಗ್ರಿ ಬಗ್ಗೆ ಅನುಮಾನ ಬೇಡ. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ನೀಟ್ ಬರೆಯದೆ ಸೀಟಿಲ್ಲ. ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜು 1908ರಿಂದ ಇದೆ. ಆದರೆ ಎಂಬಿಬಿಎಸ್‌ಗೆ ಇದು ಸಮ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ತುರ್ತು ಚಿಕಿತ್ಸೆ, ಕಷ್ಟದ ಆಪರೇಷನ್‌ಗಳಲ್ಲಿ ಆಯುರ್ವೇದ ಮತ್ತು ಎಂಬಿಬಿಎಸ್ ವೈದ್ಯರ ಕೆಲಸ ಒಂದೇ ಅಲ್ಲ, ಹಾಗಾಗಿ ಸಮಾನ ಸಂಬಳ ಕೇಳುವಂತಿಲ್ಲ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಗುಜರಾತಿನ ಪ್ರಕರಣವೊಂದರಲ್ಲಿ ಹೇಳಿತ್ತು. ನಮ್ಮವರಿಗೆ ತುಂಬಾ ಬೇಜಾರಾಯಿತು. ನನಗೂ ಆಯಿತು, ಆದರೆ ಅದರಲ್ಲಿ ಸುಳ್ಳೇನೂ ಕಾಣಲಿಲ್ಲ.

ನಿಜವಾದ ಕಷ್ಟ ಶುರುವಾಗುವುದು ಓದು ಮುಗಿದ ಮೇಲೆ. ನಾನು ಮೊದಲು ಸೇರಿದ್ದು ಒಂದು ನರ್ಸಿಂಗ್ ಹೋಮ್‌ಗೆ, ನೈಟ್ ಡ್ಯೂಟಿ ಡಾಕ್ಟರ್ ಆಗಿ. ಡ್ರಿಪ್ ಹಾಕುವುದು, ಆಂಟಿಬಯಾಟಿಕ್ ಬರೆಯುವುದು, ಫೋನಿನಲ್ಲಿ ದೊಡ್ಡ ಡಾಕ್ಟರ್ ಹೇಳಿದ್ದನ್ನು ಮಾಡುವುದು. ಐದೂವರೆ ವರ್ಷ ಕಲಿತದ್ದರಲ್ಲಿ ಒಂದನ್ನೂ ಬಳಸಲಿಲ್ಲ, ಬಳಸುತ್ತಿದ್ದದ್ದನ್ನು ಸರಿಯಾಗಿ ಕಲಿತಿರಲಿಲ್ಲ. ರಾಜ್ಯದ ಕಾನೂನು ಒಪ್ಪಿದ ಕಡೆ ಮಾತ್ರ ನಾವು ಅಲೋಪತಿ ಔಷಧ ಬರೆಯಬಹುದು ಎಂದು ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿದೆ ಅಂತ ನನಗೆ ಆಗ ಯಾರೂ ಹೇಳಿರಲಿಲ್ಲ. ಒಂದು ರಾತ್ರಿ ಎದೆನೋವು ಅಂತ ಬಂದ ಅಜ್ಜನ ಇಸಿಜಿ ಕೈಯಲ್ಲಿ ಹಿಡಿದು ನಿಂತಾಗ ಕೈ ನಡುಗಿತು. ಮರುದಿನವೇ ಕೆಲಸ ಬಿಟ್ಟೆ. ಎಂಬಿಬಿಎಸ್ ಸಿಗಲಿಲ್ಲ, ಇದನ್ನು ಮಾಡಿ ಇಂಗ್ಲಿಷ್ ಔಷಧಿ ಕೊಟ್ಟುಕೊಂಡು ಇರೋಣ ಅನ್ನುವ ಲೆಕ್ಕವಿದ್ದರೆ, ದಯವಿಟ್ಟು ಬೇಡ.

ಹಾಗಾದರೆ ಆಯುರ್ವೇದದಲ್ಲಿ ಏನೂ ಇಲ್ವಾ? ಇದೆ. ಗುದದ ಬಳಿ ಕೀವು ಸೋರುವ ಫಿಸ್ಟುಲಾಗೆ ಮಾಡುವ ಕ್ಷಾರಸೂತ್ರವನ್ನೇ ನೋಡಿ. ಕಳ್ಳಿ ಹಾಲು, ಉತ್ತರಾಣಿ ಗಿಡದ ಬೂದಿಯಿಂದ ತೆಗೆದ ಕ್ಷಾರ, ಅರಿಶಿನ ಲೇಪಿಸಿದ ನೂಲು ಅಷ್ಟೇ. ಅದನ್ನು ಆಪರೇಷನ್ ಜೊತೆ ಹೋಲಿಸಿ ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ ಮಾಡಿದ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ನೂಲಿನಿಂದ ವಾಸಿಯಾಗಲು ಆಪರೇಷನ್ನಿನ 4 ವಾರದ ಬದಲು 8 ವಾರ ಹಿಡಿಯಿತು, ಆದರೆ ರೋಗ ಮರುಕಳಿಸಿದ್ದು ಆಪರೇಷನ್ ಆದವರಲ್ಲಿ ಶೇ 11, ನೂಲು ಕಟ್ಟಿಸಿಕೊಂಡವರಲ್ಲಿ ಶೇ 4. ಒಳ್ಳೆಯದು, ಕೆಟ್ಟದ್ದು ಎರಡನ್ನೂ ಅಳೆದು ಹೇಳಿದ ಇಂಥ ಕೆಲಸ ನಮ್ಮಲ್ಲಿ ಇನ್ನೂ ಎಷ್ಟೋ ಆಗಬೇಕು.

ಇನ್ನೊಂದು ಕಡೆಯೂ ಇದೆ. ಇಂಟರ್ನೆಟ್‌ನಲ್ಲಿ ಕೊಂಡ 193 ಆಯುರ್ವೇದ ಔಷಧಿಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು, 2008ರಲ್ಲಿ ಅದು ಪ್ರಕಟವಾಯಿತು. "ಗಿಡಮೂಲಿಕೆ ಅಲ್ವಾ, ಸೈಡ್ ಎಫೆಕ್ಟ್ ಇಲ್ಲ" ಅನ್ನುವ ಮಾತನ್ನು ನಮ್ಮ ವೈದ್ಯರ ಬಾಯಲ್ಲೇ ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಶುಗರ್ ಬುಡದಿಂದ ವಾಸಿ ಮಾಡುತ್ತೇವೆ ಅಂತ ಯಾರೋ ಹೇಳಿದ್ದಕ್ಕೆ ಇನ್ಸುಲಿನ್ ನಿಲ್ಲಿಸಿ, ಕಾಲಿನ ಹುಣ್ಣು ಕಪ್ಪಗಾದ ಮೇಲೆ ನನ್ನ ಹತ್ತಿರ ಬಂದ ಹೆಂಗಸನ್ನು ಅದೇ ಗಂಟೆಯಲ್ಲಿ ಸರ್ಜನ್ ಬಳಿ ಕಳಿಸಿದೆ. ಎರಡು ಬೆರಳು ಹೋದವು, ಕಾಲು ಉಳಿಯಿತು. ನಮ್ಮ ಮೇಲಿನ ನಂಬಿಕೆ ಹೋಗುತ್ತಿರುವುದು ಅಲೋಪತಿ ವೈದ್ಯರು ಬೈಯುವುದರಿಂದಲ್ಲ, ಇಂಥವುಗಳಿಂದ.

ದುಡ್ಡಿನ ವಿಷಯ? ಕ್ಲಿನಿಕ್ ನಿಲ್ಲಲು ನನಗೆ ಐದು ವರ್ಷ ಹಿಡಿಯಿತು. ಅಷ್ಟು ದಿನ ಮನೆಯವರು ಸಾಕಿದರು.

ಹಾಗಾಗಿ ಫೋನ್ ಮಾಡುವ ಅಪ್ಪ ಅಮ್ಮಂದಿರಿಗೆ ನಾನು ಹೇಳುವುದು ಇಷ್ಟು: ಕೌನ್ಸೆಲಿಂಗ್‌ನಲ್ಲಿ ಕಾಲೇಜು ಆರಿಸುವ ಮೊದಲು ಮಗಳನ್ನು ಒಂದು ದಿನ ನನ್ನ ಕ್ಲಿನಿಕ್‌ಗೆ ಕಳಿಸಿ. ಬೆಳಗ್ಗೆಯಿಂದ ಸಂಜೆವರೆಗೆ ಕೂತು ನೋಡಲಿ, ಯಾರಿಗೆ ಔಷಧಿ ಕೊಟ್ಟೆ, ಯಾರನ್ನು ಬೇರೆ ಡಾಕ್ಟರ್ ಹತ್ತಿರ ಕಳಿಸಿದೆ ಅಂತ. ಆಮೇಲೆ ಅವಳನ್ನೇ ಕೇಳಿ.